13 ನಿಮಿಷದ ಆಟ, ಆರೂವರೆ ವರ್ಷದ ಕಾಯುವಿಕೆ: ಎರಡು ಪಾಸ್‌ಪೋರ್ಟ್ ಇರುವ ಫುಟ್‌ಬಾಲ್ ಆಟಗಾರ ತಿಳಿದಿರಬೇಕಾದದ್ದು

2014ರ ಸೆಪ್ಟೆಂಬರ್ 8, ವಲೆನ್ಸಿಯಾ. ಸ್ಪೇನ್ ಮತ್ತು ಮ್ಯಾಸಿಡೋನಿಯಾ ನಡುವಿನ, ಯುರೋಪಿನ ದೇಶಗಳ ಟೂರ್ನಿಯಾದ ಯೂರೊದ ಅರ್ಹತಾ ಪಂದ್ಯದ 77ನೇ ನಿಮಿಷದಲ್ಲಿ ಬದಲಿ ಆಟಗಾರನಾಗಿ ಮುನೀರ್ ಎಲ್ ಹದ್ದಾದಿ ಮೈದಾನಕ್ಕಿಳಿದರು. ಆಗ ಅವರಿಗೆ 19 ವರ್ಷ. ಹುಟ್ಟಿದ್ದು ಸ್ಪೇನ್‌ನಲ್ಲಿ, ತಂದೆಯ ಮೂಲ ಮೊರಾಕ್ಕೊ. ಸ್ಪೇನ್ ಆ ಪಂದ್ಯವನ್ನು 5-1ರಿಂದ ಗೆದ್ದಿತು. ಮುನೀರ್ ಇಳಿಯದೇ ಇದ್ದಿದ್ದರೂ ಗೆಲ್ಲುತ್ತಿತ್ತು. ಆಮೇಲೆ ಸ್ಪೇನ್‌ನ ಹಿರಿಯರ (ವಯೋಮಿತಿಯಿಲ್ಲದ ಮುಖ್ಯ) ತಂಡ ಅವರನ್ನು ಮತ್ತೆ ಆಡಿಸಲೇ ಇಲ್ಲ. 2018ರ ವಿಶ್ವಕಪ್‌ಗೆ ಮೊರಾಕ್ಕೊ ಅವರನ್ನು ಕರೆದೊಯ್ಯಲು ನೋಡಿತು, ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಒಪ್ಪಲಿಲ್ಲ. ಕ್ರೀಡಾ ನ್ಯಾಯಮಂಡಳಿಗೆ ಹೋದರೂ ಉತ್ತರ ಬದಲಾಗಲಿಲ್ಲ. ಹಿರಿಯರ ತಂಡದ ಪರ ಒಂದೇ ಒಂದು ಅಧಿಕೃತ ಪಂದ್ಯ ಆಡಿದರೂ ಬಾಗಿಲು ಮುಚ್ಚಿತು ಎಂಬುದೇ ಆಗಿನ ನಿಯಮ. 2020ರಲ್ಲಿ ನಿಯಮ ಸಡಿಲವಾಗಿ, ಮೊರಾಕ್ಕೊ ಪರ ಅವರು ಮೊದಲ ಪಂದ್ಯ ಆಡಿದಾಗ 2021ರ ಮಾರ್ಚ್ ಬಂದಿತ್ತು.

ಈ 13 ನಿಮಿಷಗಳನ್ನು ಎರಡು ದೇಶಗಳ ಪರ ಆಡಲು ಅವಕಾಶವಿರುವ ಪ್ರತಿ ಹುಡುಗನಿಗೂ ಹುಡುಗಿಗೂ ಮೊದಲೇ ವಿವರಿಸಿ ಹೇಳಬೇಕು. ಯಾವ ದೇಶ ಎಂದು ಅವರು ಘೋಷಿಸುವುದು 19ಕ್ಕೋ 20ಕ್ಕೋ ಇರಬಹುದು. ಆದರೆ ಹಾಗೆ ಆಯ್ದುಕೊಳ್ಳುವ ಹಕ್ಕು ಉಳಿಯುತ್ತದೋ ಇಲ್ಲವೋ ಎಂಬುದು ಎಷ್ಟೋ ಬಾರಿ 15, 16ರ ವಯಸ್ಸಿಗೇ ತೀರ್ಮಾನವಾಗಿರುತ್ತದೆ, ಅದೂ ಆಟಕ್ಕಿಂತ ಹೆಚ್ಚಾಗಿ ಕಾಗದಪತ್ರಗಳ ಮೇಲೆ.

ಮೊದಲು ಸೌಹಾರ್ದ ಪಂದ್ಯಕ್ಕೂ ಅಧಿಕೃತ ಪಂದ್ಯಕ್ಕೂ ಇರುವ ವ್ಯತ್ಯಾಸ. ಸೌಹಾರ್ದ ಪಂದ್ಯ ಆಟಗಾರನನ್ನು ಕಟ್ಟಿಹಾಕುವುದಿಲ್ಲ. ಡಿಯೆಗೊ ಕೋಸ್ಟಾ 2013ರ ಮಾರ್ಚ್‌ನಲ್ಲಿ ಬ್ರೆಜಿಲ್ ಪರ ಎರಡು ಸೌಹಾರ್ದ ಪಂದ್ಯ ಆಡಿ, ಮರುವರ್ಷ ಬ್ರೆಜಿಲ್‌ನಲ್ಲೇ ನಡೆದ ವಿಶ್ವಕಪ್‌ನಲ್ಲಿ ಸ್ಪೇನ್ ಜೆರ್ಸಿ ತೊಟ್ಟಿದ್ದರು. ಡೆಕ್ಲನ್ ರೈಸ್ 2018ರಲ್ಲಿ ಐರ್ಲೆಂಡ್ ಹಿರಿಯರ ತಂಡದಲ್ಲಿ ಮೂರು ಪಂದ್ಯ ಆಡಿದರು, ಮೂರೂ ಸೌಹಾರ್ದ. 2019ರ ಮಾರ್ಚ್‌ನಲ್ಲಿ ಇಂಗ್ಲೆಂಡ್ ಪರ ಆಡಿದರು. ವಿಲ್ಫ್ರೆಡ್ ಝಾಹಾ ಇಂಗ್ಲೆಂಡ್‌ನಿಂದ ಐವರಿ ಕೋಸ್ಟ್‌ಗೆ, ಬ್ರಾಹಿಂ ಡಿಯಾಸ್ ಸ್ಪೇನ್‌ನಿಂದ ಮೊರಾಕ್ಕೊಗೆ ಹೋಗಲು ಸಾಧ್ಯವಾದದ್ದೂ ಹೀಗೆಯೇ. ವಿಶ್ವಕಪ್ ಅಥವಾ ಯೂರೊ ಅರ್ಹತಾ ಪಂದ್ಯ, ನೇಷನ್ಸ್ ಲೀಗ್, ಆಫ್ರಿಕಾ ಕಪ್ ಅರ್ಹತಾ ಪಂದ್ಯ ಇವೆಲ್ಲ ಅಧಿಕೃತ. ನೇಷನ್ಸ್ ಲೀಗ್ ಅನ್ನು ಸೌಹಾರ್ದ ಪಂದ್ಯವೆಂದು ತಿಳಿದು ಮೋಸ ಹೋಗುವವರು ಇನ್ನೂ ಇದ್ದಾರೆ. ಕಿರಿಯರ ಮಟ್ಟದಲ್ಲೂ ಲೆಕ್ಕ ಇದೇ: 17 ವರ್ಷದೊಳಗಿನವರ ಯೂರೊ ಅರ್ಹತಾ ಪಂದ್ಯ ಅಧಿಕೃತ, ಎರಡು ದೇಶಗಳ ಫೆಡರೇಷನ್‌ಗಳು (ಫುಟ್‌ಬಾಲ್ ಸಂಸ್ಥೆಗಳು) ಮಾತಾಡಿಕೊಂಡು ಆಡಿಸುವ ಪಂದ್ಯ ಅಲ್ಲ.

ಅಧಿಕೃತ ಪಂದ್ಯ ಆಡಿದ ಮೇಲೂ ದೇಶ ಬದಲಿಸಬಹುದು, ಒಂದು ಬಾರಿ ಮಾತ್ರ. 2004ರಲ್ಲಿ ಈ ಅವಕಾಶ ಬಂದಾಗ ಕಿರಿಯರ ತಂಡದಲ್ಲಷ್ಟೇ ಆಡಿದವರಿಗೆ, ಅದೂ 21 ತುಂಬುವುದರೊಳಗೆ ಎಂಬ ಮಿತಿ ಇತ್ತು. 2009ರಲ್ಲಿ ಆ ವಯೋಮಿತಿ ಹೋಯಿತು. ಈಗ ಕಿರಿಯರ ತಂಡದಲ್ಲಿ ಮಾತ್ರ ಅಧಿಕೃತವಾಗಿ ಆಡಿದವರು ಕಾಯಬೇಕಾಗಿಲ್ಲ. ಜಮಾಲ್ ಮುಸಿಯಾಲ 2020ರ ನವೆಂಬರ್‌ನಲ್ಲಿ ಇಂಗ್ಲೆಂಡ್‌ನ 21 ವರ್ಷದೊಳಗಿನವರ ತಂಡದಲ್ಲಿ ಆಡಿ, 2021ರ ಮಾರ್ಚ್‌ನಲ್ಲಿ ಜರ್ಮನಿಯ ಹಿರಿಯರ ತಂಡಕ್ಕೆ ಇಳಿದಿದ್ದರು. ನಡುವೆ ನಾಲ್ಕೇ ತಿಂಗಳು.

ಆದರೆ ಇಲ್ಲೊಂದು ಷರತ್ತಿದೆ, ಹೆಚ್ಚು ಜನ ಎಡವುವುದು ಇಲ್ಲೇ. ಮೊದಲ ದೇಶದ ಪರ ಮೊಟ್ಟಮೊದಲ ಅಧಿಕೃತ ಪಂದ್ಯ ಆಡಿದ ದಿನ, ಮುಂದೆ ಹೋಗಬೇಕೆಂದಿರುವ ದೇಶದ ಪೌರತ್ವ ಆಗಲೇ ಕೈಯಲ್ಲಿರಬೇಕು. ಮೊದಲ ಪಂದ್ಯವೆಂದರೆ ಹಿರಿಯರ ತಂಡದ ಮೊದಲ ಪಂದ್ಯವಲ್ಲ, 16ರ ಹರೆಯದಲ್ಲಿ ಕಿರಿಯರ ತಂಡಕ್ಕೆ ಆಡಿದ ಆ ಮೊದಲ ಪಂದ್ಯ. ತಾಯಿಯ ದೇಶದ ಪೌರತ್ವಕ್ಕೆ ಹಕ್ಕಿದ್ದರೂ ಅರ್ಜಿಯನ್ನೇ ಹಾಕಿರದಿದ್ದರೆ, ಆ ಹಕ್ಕು ಫಿಫಾ ಕಣ್ಣಿಗೆ ಪೌರತ್ವವಲ್ಲ. ಪೌರತ್ವ ಆಮೇಲೆ ಸಿಕ್ಕವರಿಗೆ 2020ರ ತಿದ್ದುಪಡಿ ಒಂದು ಸಣ್ಣ ದಾರಿ ಬಿಟ್ಟಿದೆ: ಹಿರಿಯರ ತಂಡದಲ್ಲಿ ಅಧಿಕೃತವಾಗಿ ಆಡಿರಬಾರದು, ಹಳೆಯ ದೇಶಕ್ಕೆ ಕೊನೆಯ ಅಧಿಕೃತ ಪಂದ್ಯ ಆಡಿದಾಗ 21 ತುಂಬಿರಬಾರದು, ಜೊತೆಗೆ ಹೊಸ ದೇಶದೊಡನೆ ಹುಟ್ಟು, ರಕ್ತಸಂಬಂಧ ಅಥವಾ ವಾಸದ ನಂಟು ಇರಬೇಕು. ಆ ಕಿರಿದಾರಿಯನ್ನು ನಂಬಿ ಕೂರುವುದಕ್ಕಿಂತ, ಮಗು ಅಕಾಡೆಮಿ ಸೇರಿದ ವರ್ಷವೇ ಎರಡನೇ ದೇಶದ ಪಾಸ್‌ಪೋರ್ಟ್ ಮಾಡಿಸಿಡುವುದು ಒಳ್ಳೆಯದು. ಪಾಸ್‌ಪೋರ್ಟ್ ಮೇಲಿನ ದಿನಾಂಕಕ್ಕಿಂತ ಪೌರತ್ವ ಎಂದಿನಿಂದ ಇದೆ ಎಂದು ತೋರಿಸುವ ಪತ್ರ ಮುಖ್ಯ. ಹುಟ್ಟಿನಿಂದಲೇ ಬಂದ ಪೌರತ್ವವಾದರೆ ಆ ದೇಶದ ದೂತಾವಾಸದಿಂದ ಹಾಗೆಂದು ಬರೆಸಿ ತೆಗೆದಿಟ್ಟುಕೊಳ್ಳಿ.

ಹಿರಿಯರ ತಂಡದಲ್ಲಿ ಅಧಿಕೃತವಾಗಿ ಆಡಿದವರ ಲೆಕ್ಕ ಇನ್ನೂ ಬಿಗಿ. ಒಟ್ಟು ಮೂರು ಪಂದ್ಯ ಮೀರಿರಬಾರದು, ಮತ್ತು ಈ ಮೂರರಲ್ಲಿ ಸೌಹಾರ್ದ ಪಂದ್ಯಗಳೂ ಸೇರುತ್ತವೆ. ಕೊನೆಯ ಅಧಿಕೃತ ಪಂದ್ಯದ ಹೊತ್ತಿಗೆ 21 ತುಂಬಿರಬಾರದು. ಕೊನೆಯ ಪಂದ್ಯದಿಂದ ಮೂರು ವರ್ಷ ಕಳೆದಿರಬೇಕು. ವಿಶ್ವಕಪ್ ಅಥವಾ ಖಂಡದ ಪ್ರಮುಖ ಟೂರ್ನಿಯ ಅಂತಿಮ ಸುತ್ತಿನಲ್ಲಿ ಒಂದು ನಿಮಿಷವೂ ಆಡಿರಬಾರದು. ಇವುಗಳಲ್ಲಿ ಒಂದು ತಪ್ಪಿದರೂ ಬಾಗಿಲು ಮುಚ್ಚಿದಂತೆ. ಲಮೀನ್ ಯಮಾಲ್ ಉದಾಹರಣೆ ನೋಡಿ. ಸ್ಪೇನ್ ಮತ್ತು ಮೊರಾಕ್ಕೊ ಎರಡೂ ಅವರಿಗಾಗಿ ಕಾದಿದ್ದವು. 2023ರ ಸೆಪ್ಟೆಂಬರ್ 8ರಂದು ಜಾರ್ಜಿಯಾ ವಿರುದ್ಧ ಆಡಿ ಗೋಲು ಹೊಡೆದಾಗ ಅವರಿಗೆ 16 ವರ್ಷ 57 ದಿನ. ಅಂದಿಗೆ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಮರುವರ್ಷದ ಯೂರೊ ಅಂತಿಮ ಸುತ್ತಿನಲ್ಲಿ ಆಡಿದ ಮೇಲೆ ಆ ಪ್ರಶ್ನೆಯೇ ಉಳಿಯಲಿಲ್ಲ.

ಮೂರು ವರ್ಷ ಎಂಬುದನ್ನು ಸುಲಭವೆಂದು ಭಾವಿಸಬಾರದು. 20ನೇ ವಯಸ್ಸಿನಲ್ಲಿ ಐದು ನಿಮಿಷದ ಅರ್ಹತಾ ಪಂದ್ಯ ಆಡಿ, ಮತ್ತೆ ಕರೆ ಬಾರದೆ ಮನಸ್ಸು ಬದಲಿಸಿದವರು 23ರವರೆಗೆ ಯಾವ ದೇಶದ ಪರವೂ ಆಡದೆ ಇರಬೇಕಾಗಬಹುದು. ಆಟಗಾರನ ಬದುಕಿನಲ್ಲಿ ಅಷ್ಟರೊಳಗೆ ಒಂದು ವಿಶ್ವಕಪ್ ಕಳೆದುಹೋಗಬಹುದು.

ಹೊಸದಾಗಿ ಪೌರತ್ವ ಪಡೆಯುವವರ ವಿಷಯ ಬೇರೆ. ಹುಟ್ಟಿನಿಂದಲೇ ಎರಡೂ ಪೌರತ್ವ ಇರುವವರಿಗೆ ಫಿಫಾ ಮತ್ತೇನನ್ನೂ ಕೇಳುವುದಿಲ್ಲ. ಆಮೇಲೆ ಪಡೆದವರು ತಾವೋ, ಹೆತ್ತ ತಂದೆ ತಾಯಿಯಲ್ಲೊಬ್ಬರೋ, ಅಜ್ಜ ಅಜ್ಜಿಯರಲ್ಲೊಬ್ಬರೋ ಆ ನೆಲದಲ್ಲಿ ಹುಟ್ಟಿದ್ದಾರೆಂದು ತೋರಿಸಬೇಕು. ಇಲ್ಲವೇ ಅಲ್ಲಿ ವಾಸವಿದ್ದಿರಬೇಕು: 10 ತುಂಬುವ ಮೊದಲೇ ಬಂದವರಿಗೆ ಮೂರು ವರ್ಷ, ನಂತರ ಬಂದವರಿಗೆ ಐದು ವರ್ಷ. 10ರಿಂದ 18ರ ನಡುವೆ ಬಂದವರಾದರೆ, ರಾಷ್ಟ್ರೀಯ ತಂಡಕ್ಕೆ ಆಡಲೆಂದೇ ಬಂದದ್ದಲ್ಲ ಎಂಬುದನ್ನೂ ಸಾಬೀತುಪಡಿಸಬೇಕು. ಬ್ರಿಟನ್‌ನಲ್ಲಿ ಪಾಸ್‌ಪೋರ್ಟ್ ಒಂದೇ, ಫೆಡರೇಷನ್ ನಾಲ್ಕು. ಆ ನಾಲ್ಕು ಫೆಡರೇಷನ್‌ಗಳ ನಡುವೆ, 18ರೊಳಗೆ ಐದು ವರ್ಷ ಆಯಾ ಭಾಗದಲ್ಲಿ ಶಾಲೆಗೆ ಹೋಗಿದ್ದರೂ ನಡೆಯುತ್ತದೆ ಎಂಬ ಒಪ್ಪಂದವಿದೆ.

ಅಜ್ಜ ಅಜ್ಜಿಯರ ದಾಖಲೆ ಎಂದರೆ ಹಳೆಯ ಕೈಬರಹದ ಜನನ ಪತ್ರ, ಕಾಗುಣಿತ ಬದಲಾದ ಹೆಸರು, ಗಡಿ ಬದಲಾದ ಊರು. ಮೂಲ ನೋಂದಣಿ ಪುಸ್ತಕದ ದೃಢೀಕೃತ ನಕಲನ್ನು ಆಟಗಾರನ ಕುಟುಂಬವೇ ಕೈಯಾರೆ ತರಬೇಕು. ಏಜೆಂಟ್ ಅಥವಾ ಫೆಡರೇಷನ್ ತಂದುಕೊಟ್ಟ ಪ್ರತಿಗೆ ಕಣ್ಣುಮುಚ್ಚಿ ಸಹಿ ಹಾಕಬಾರದು. 2025ರ ಸೆಪ್ಟೆಂಬರ್‌ನಲ್ಲಿ ಫಿಫಾದ ಶಿಸ್ತು ಸಮಿತಿ ಮಲೇಷ್ಯಾದ ಪರ ಆಡಿದ್ದ ಏಳು ಆಟಗಾರರನ್ನು 12 ತಿಂಗಳು ಅಮಾನತು ಮಾಡಿತು, ಫೆಡರೇಷನ್‌ಗೆ 3,50,000 ಸ್ವಿಸ್ ಫ್ರಾಂಕ್ ದಂಡ ಹಾಕಿತು. ಅಜ್ಜ ಅಜ್ಜಿಯರ ಜನನ ಪತ್ರಗಳಲ್ಲಿ ಊರು ತಿದ್ದಲಾಗಿದೆ ಎಂಬುದು ಸಮಿತಿ ಕಂಡುಕೊಂಡ ಕಾರಣ. ದಂಡ ಸಂಸ್ಥೆ ಕಟ್ಟುತ್ತದೆ, ಆಟದ ವರ್ಷ ಹೋಗುವುದು ಆಟಗಾರನದು.

ಎಮಿಲಿಯೊ ನ್ಸುಯೆ ಪ್ರಕರಣವೂ ಇಂಥದ್ದೇ ಪಾಠ. ಸ್ಪೇನ್‌ನ ಕಿರಿಯರ ತಂಡಗಳಲ್ಲಿ ಬೆಳೆದ ಅವರು ಈಕ್ವಟೋರಿಯಲ್ ಗಿನಿಗೆ ಬದಲಾಗಲು ಹಾಕಿದ್ದ ಅರ್ಜಿಯನ್ನು ಫಿಫಾ 2013ರಲ್ಲೇ ತಿರಸ್ಕರಿಸಿತ್ತು. ಆದರೂ ಅವರು ವರ್ಷಗಟ್ಟಲೆ ಆಡುತ್ತಲೇ ಹೋದರು, ನಾಯಕರಾದರು. 2024ರ ಆರಂಭದಲ್ಲಿ ನಡೆದ ಆಫ್ರಿಕಾ ಕಪ್‌ನಲ್ಲಿ ಐದು ಗೋಲು ಹೊಡೆದು ಎಲ್ಲರಿಗಿಂತ ಮುಂದಿದ್ದರು. ಅದೇ ವರ್ಷ ಅವರನ್ನು ಆರು ತಿಂಗಳು ಅಮಾನತು ಮಾಡಿ, ತಂಡ ಗೆದ್ದಿದ್ದ ಎರಡು ವಿಶ್ವಕಪ್ ಅರ್ಹತಾ ಪಂದ್ಯಗಳನ್ನು ಎದುರಾಳಿಗಳಿಗೆ 3-0 ಎಂದು ಬರೆದುಕೊಡಲಾಯಿತು. ಫೆಡರೇಷನ್ "ಎಲ್ಲ ಸರಿಯಿದೆ" ಎಂದರೆ ಸಾಲದು. ಫಿಫಾದಿಂದ ಬಂದ ಲಿಖಿತ ತೀರ್ಮಾನದ ಪ್ರತಿ ಆಟಗಾರನ ಬಳಿ ಇರಬೇಕು.

ಅರ್ಜಿ ಹಾಕುವುದು ಆಟಗಾರನಲ್ಲ, ಹೊಸ ದೇಶದ ಫೆಡರೇಷನ್. ಅದು ಫಿಫಾದ ಫುಟ್‌ಬಾಲ್ ನ್ಯಾಯಮಂಡಳಿಯ ಆಟಗಾರರ ಸ್ಥಾನಮಾನ ವಿಭಾಗಕ್ಕೆ ಹೋಗುತ್ತದೆ. ಆಟಗಾರ ಸಹಿ ಮಾಡಿದ ಮನವಿ, ಜನನ ಪತ್ರ, ಎರಡೂ ಪಾಸ್‌ಪೋರ್ಟ್, ಪೌರತ್ವ ಸಿಕ್ಕ ದಿನಾಂಕದ ಪುರಾವೆ, ಹಿಂದೆ ಆಡಿದ ಪಂದ್ಯಗಳ ಪಟ್ಟಿ ಸಿದ್ಧವಿರಬೇಕು. ಪಟ್ಟಿಯನ್ನು ನೆನಪಿನಿಂದ ಬರೆಯಬೇಡಿ. 15 ವರ್ಷದೊಳಗಿನವರ ತಂಡದಿಂದ ಹಿಡಿದು ದಿನಾಂಕ, ಎದುರಾಳಿ, ಟೂರ್ನಿ, ಆಡಿದ ನಿಮಿಷ ಎಲ್ಲವನ್ನೂ ಮೊದಲಿನಿಂದಲೇ ಬರೆದಿಡಿ. ಅರ್ಜಿ ಸಲ್ಲಿಸಿದ ಮೇಲೆ ತೀರ್ಮಾನ ಬರುವವರೆಗೆ ಎರಡೂ ದೇಶಗಳ ಪರ ಆಡುವಂತಿಲ್ಲ. ಹಾಗಾಗಿ ಅಂತರರಾಷ್ಟ್ರೀಯ ಪಂದ್ಯಗಳ ಅವಧಿಗೆ ಎರಡು ವಾರ ಇರುವಾಗ ಓಡಾಡುವುದಕ್ಕಿಂತ, ತಿಂಗಳುಗಳ ಮುಂಚೆ ಶುರು ಮಾಡಬೇಕು. ಹಳೆಯ ದೇಶದ ಪರ ಯಾವ ಟೂರ್ನಿಯಲ್ಲಿ ಆಡಿದ್ದೀರೋ ಅದೇ ಟೂರ್ನಿಯಲ್ಲಿ ಹೊಸ ದೇಶದ ಪರ ಆಡುವಂತಿಲ್ಲ ಎಂಬುದನ್ನೂ ಮರೆಯಬಾರದು.

ಫಿಫಾ ಒಪ್ಪಿದರೂ ದೇಶದ ಕಾನೂನು ಒಪ್ಪಬೇಕಲ್ಲ. ಮೆಸುಟ್ ಓಜಿಲ್ ಜರ್ಮನಿಯನ್ನು ಆರಿಸಿಕೊಂಡಾಗ ಟರ್ಕಿಯ ಪೌರತ್ವ ಬಿಡಬೇಕಾಯಿತು. ಈಗ ಜರ್ಮನಿ 2024ರ ಜೂನ್‌ನಿಂದ ಎರಡನ್ನೂ ಇಟ್ಟುಕೊಳ್ಳಲು ಬಿಡುತ್ತದೆ. ಭಾರತ ಬಿಡುವುದಿಲ್ಲ, ಸಾಗರೋತ್ತರ ಪೌರರ ಕಾರ್ಡ್ ಇದ್ದರೆ ಅದು ಪೌರತ್ವವೂ ಅಲ್ಲ, ರಾಷ್ಟ್ರೀಯ ತಂಡಕ್ಕೆ ಅರ್ಹತೆಯೂ ಅಲ್ಲ. ಅರಾಟ ಇಜುಮಿ 2013ರಲ್ಲಿ ಭಾರತದ ಪರ ಆಡಿದ್ದು ಜಪಾನ್ ಪೌರತ್ವ ಬಿಟ್ಟುಕೊಟ್ಟ ಮೇಲೆ. ಇಂಥ ಕಡೆ ಜೆರ್ಸಿ ಬದಲಾದರೆ ವೀಸಾ, ಕ್ಲಬ್‌ನಲ್ಲಿ ವಿದೇಶಿ ಆಟಗಾರರ ಮಿತಿ, ನಿವೃತ್ತಿಯ ನಂತರದ ವಾಸ ಎಲ್ಲವೂ ಬದಲಾಗುತ್ತವೆ. ಫುಟ್‌ಬಾಲ್ ವಕೀಲರಲ್ಲದೆ ಪೌರತ್ವದ ವಕೀಲರನ್ನೂ ಕಾಣಬೇಕು.

ಇನ್ನು ಆಯ್ಕೆ. ದೊಡ್ಡ ದೇಶದ ಕೋಚ್ ಫೋನ್ ಮಾಡಿದರೆ ತಲೆ ತಿರುಗುವುದು ಸಹಜ. ಆ ಕರೆಯಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು. ನನ್ನ ಸ್ಥಾನದಲ್ಲಿ ಈಗ ಯಾರಿದ್ದಾರೆ, ಅವರ ವಯಸ್ಸೆಷ್ಟು? ಕರೆಯುತ್ತಿರುವುದು ಅಭ್ಯಾಸ ಶಿಬಿರಕ್ಕೋ, ಸೌಹಾರ್ದ ಪಂದ್ಯಕ್ಕೋ, ಅರ್ಹತಾ ಪಂದ್ಯಕ್ಕೋ? ಅರ್ಹತಾ ಪಂದ್ಯವಾದರೆ ಎಷ್ಟು ಹೊತ್ತು ಆಡಿಸುವ ಯೋಚನೆ, ಅದಾದ ಮೇಲೆ ಮುಂದೇನು? ಕೋಚ್ ಒಪ್ಪಂದ ಎಂದು ಮುಗಿಯುತ್ತದೆ? ಕೊನೆಯ ಪ್ರಶ್ನೆ ಕೇಳಲು ಹುಡುಗರು ನಾಚುತ್ತಾರೆ, ಆದರೆ ಮಾತು ಕೊಟ್ಟ ಕೋಚ್ ಆರು ತಿಂಗಳಲ್ಲಿ ಹೊರಟರೆ ಆ ಮಾತೂ ಅವರ ಜೊತೆಗೇ ಹೊರಡುತ್ತದೆ. ಮನಸ್ಸು ಗಟ್ಟಿಯಾಗುವವರೆಗೆ ಶಿಬಿರಕ್ಕೆ ಹೋಗಿ, ಸೌಹಾರ್ದ ಪಂದ್ಯ ಆಡಿ. ಅರ್ಹತಾ ಪಂದ್ಯದ ಕರೆಗೆ ಮಾತ್ರ "ಸಮಯ ಬೇಕು" ಎಂದು ನೇರವಾಗಿ ಹೇಳಿ. ಒಳ್ಳೆಯ ಕೋಚ್ ಆ ಮಾತಿಗೆ ಮುನಿಯುವುದಿಲ್ಲ. ಐದು ನಿಮಿಷ ಆಡಿಸಿ ಕಟ್ಟಿಹಾಕುವ ಅವಸರ ಇರುವವರೇ ಮುನಿಯುವುದು.

ಚಿಕ್ಕ ದೇಶ ಎಂದರೆ ಚಿಕ್ಕ ಕನಸು ಎಂದು ನಾನು ಒಪ್ಪುವುದಿಲ್ಲ. 2022ರಲ್ಲಿ ವಿಶ್ವಕಪ್ ಸೆಮಿಫೈನಲ್ ತಲುಪಿದ ಮೊರಾಕ್ಕೊದ 26 ಜನರಲ್ಲಿ 14 ಮಂದಿ ಹೊರದೇಶದಲ್ಲಿ ಹುಟ್ಟಿದವರು. ಹಕೀಮಿ ಮ್ಯಾಡ್ರಿಡ್‌ನವರು, ಜಿಯೆಶ್ ನೆದರ್ಲೆಂಡ್ಸ್‌ನವರು. 2026ರಿಂದ ವಿಶ್ವಕಪ್‌ಗೆ 48 ತಂಡ. ಆಫ್ರಿಕಾಗೆ ನೇರ ಸ್ಥಾನ ಐದರಿಂದ ಒಂಬತ್ತಕ್ಕೆ ಏರಿದೆ. ಬಹುಪಾಲು ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದವರ ಕೆರಿಬಿಯನ್ ದ್ವೀಪ ಕುರಾಸಾವ್‌ನ ತಂಡವೂ ಅರ್ಹತೆ ಪಡೆದಿದೆ. ಇನ್ನೊಂದು ಕಡೆ, ಆಫ್ರಿಕಾ ಕಪ್ ಬಹುತೇಕ ಯುರೋಪಿನ ಲೀಗ್‌ಗಳ ನಡುವೆಯೇ ಬರುತ್ತದೆ. ಕ್ಲಬ್ ಆಟಗಾರನನ್ನು ಬಿಟ್ಟುಕೊಡಲೇಬೇಕು, ಆದರೆ ಆ ವಾರಗಳಲ್ಲಿ ಅವನ ಸ್ಥಾನದಲ್ಲಿ ಇನ್ನೊಬ್ಬ ಆಡಿ ಮಿಂಚಬಹುದು. ಬ್ರಿಟನ್‌ನ ಕ್ಲಬ್‌ಗಳಿಗೆ ಹೊರಗಿನಿಂದ ಬರುವವರ ಕೆಲಸದ ಪರವಾನಗಿಯಲ್ಲಿ ರಾಷ್ಟ್ರೀಯ ತಂಡದ ಪಂದ್ಯಗಳಿಗೂ ಆ ತಂಡದ ರ‍್ಯಾಂಕಿಂಗ್‌ಗೂ ಬೆಲೆ ಇದೆ.

ಮನೆಯಲ್ಲಿ ಎಲ್ಲರೂ ಒಂದೇ ದೇಶ ಆರಿಸಬೇಕೆಂಬ ಒತ್ತಡ ಹಾಕಬೇಡಿ. 2010ರ ವಿಶ್ವಕಪ್‌ನಲ್ಲಿ ಜೆರೋಮ್ ಬೋಟೆಂಗ್ ಜರ್ಮನಿಗೆ, ಅಣ್ಣ ಕೆವಿನ್-ಪ್ರಿನ್ಸ್ ಘಾನಾಗೆ ಎದುರುಬದುರಾಗಿ ಆಡಿದರು. 2016ರ ಯೂರೊದಲ್ಲಿ ಜಾಕಾ ಸಹೋದರರು ಸ್ವಿಟ್ಜರ್ಲೆಂಡ್ ಮತ್ತು ಅಲ್ಬೇನಿಯಾ ಪರ ಇದ್ದರು. 2022ರ ವಿಶ್ವಕಪ್‌ನಲ್ಲಿ ಇನಾಕಿ ವಿಲಿಯಮ್ಸ್ ಘಾನಾ, ತಮ್ಮ ನಿಕೊ ಸ್ಪೇನ್.

ತೀರ್ಮಾನವಾದ ಮೇಲೆ ಮೊದಲ ಫೋನ್ ಹೋಗಬೇಕಾದದ್ದು ಬಿಟ್ಟುಬರುವ ತಂಡದ ಕೋಚ್‌ಗೆ, ಅದೂ ಆಟಗಾರನ ಬಾಯಿಂದಲೇ. ಎರಡನೆಯದು ಕ್ಲಬ್‌ಗೆ. ಸುದ್ದಿ ಹೊರಬೀಳುವುದು ಆಮೇಲೆ. ಸಾಮಾಜಿಕ ಜಾಲತಾಣಗಳ ಖಾತೆಯನ್ನು ಆ ವಾರ ಬೇರೆಯವರ ಕೈಗೆ ಕೊಟ್ಟುಬಿಡಿ. ಬೈಗುಳ ಬಂದೇ ಬರುತ್ತದೆ, 18ರ ಹುಡುಗ ಅದನ್ನೆಲ್ಲ ಓದಬೇಕಾಗಿಲ್ಲ. ಬದಲಾವಣೆ ಮಂಜೂರಾದ ಮೇಲೂ ಹೊಸ ದೇಶದ ಪರ ಒಂದು ಪಂದ್ಯವನ್ನೂ ಆಡಿಲ್ಲವೆಂದರೆ, ಹಳೆಯ ದೇಶಕ್ಕೆ ಮರಳಲು ಮನವಿ ಸಲ್ಲಿಸಲು ಆಗುತ್ತದೆ. ಹೊಸ ಜೆರ್ಸಿಯಲ್ಲಿ ಮೈದಾನಕ್ಕಿಳಿದ ಮೇಲೆ ಅದೂ ಇಲ್ಲ.