ಕೊಡೆ ಹಿಡಿದು ತೋರಿಸಿದ ರೈಫಲ್ ಪಾಠ

ಬದಿಯಡ್ಕದಿಂದ ತಮ್ಮನ ಮಗಳು ಬಂದಿದ್ದಳು. 50 ಮೀಟರ್ ಶೂಟಿಂಗ್ ಸ್ಪರ್ಧೆಗೆ ಪಾಯಿಂಟ್ 22 (ಸುಮಾರು 0.22 ಇಂಚು ಅಗಲದ ಗುಂಡಿನ) ಬೋಲ್ಟ್ ಆಕ್ಷನ್ ರೈಫಲ್, ಅಂದ್ರೆ ಚಿಲಕದಂಥ ಬೋಲ್ಟ್ ಇರುವ ರೈಫಲ್ ಆರಿಸಬೇಕಂತೆ.

ನಮ್ಮ ಕಡೆ ಕೋವಿ ಅಂದ್ರೆ ತೋಟಕ್ಕೆ ನುಗ್ಗುವ ಹಂದಿಯ ನೆನಪೇ ಜಾಸ್ತಿ, ಅಲ್ವಾ? ಇವಳ ಲೆಕ್ಕವೇ ಬೇರೆ.

"ಕಂಪನಿ ಹೆಸರು ಆಮೇಲೆ ದೊಡ್ಡಪ್ಪ, ಮೊದಲು ಅದು ನನ್ನ ಮೈಗೆ ಹೊಂದಬೇಕು."

ಮೂಲೆಯಲ್ಲಿದ್ದ ಉದ್ದ ಕೊಡೆ ಎತ್ತಿಕೊಂಡಳು. ಹಿಡಿ ಭುಜಕ್ಕೆ ಒತ್ತಿ, ಕೆನ್ನೆ ಇಟ್ಟು, ಕಣ್ಣು ಮುಚ್ಚಿ ತೆರೆದಳು. ಕುತ್ತಿಗೆ ಎಳೆಯದೆ ಕಣ್ಣು ಸೀದಾ ರೈಫಲ್ ಮೇಲಿನ ಗುರಿ ನೋಡುವ ಸೈಟಿಗೆ ಬಿದ್ದರೆ ಅದು ಅವಳ ಅಳತೆಯ ರೈಫಲ್. ಗುರಿಯ ನಡುವಿನ ಹತ್ತು ಅಂಕದ ವೃತ್ತದ ಅಗಲ ಬರೀ 10.4 ಮಿಲಿಮೀಟರ್. ಅಡಿಕೆಗಿಂತ ಸಣ್ಣದು!

ಪ್ರತಿ ಗುಂಡಿಗೂ ಬೋಲ್ಟ್ ಕೈಯಲ್ಲೇ ಎಳೆದು ತಳ್ಳಬೇಕು. ಅಷ್ಟರಲ್ಲಿ ಒಂದು ಉಸಿರು ಸಿಗುತ್ತದೆ. ಅವಳ ವಯಸ್ಸಿಗೆ ಆ ತಾಳ್ಮೆ ಬಂದಿದ್ದು ನೋಡಿ ತುಂಬಾ ಖುಷಿಯಾಯಿತು.

ಲೈಸೆನ್ಸ್ ಕಾಗದಪತ್ರಕ್ಕೆ ನಾನೇ ಓಡಾಡುತ್ತೇನೆ ಅಂದಿದ್ದೇನೆ.