ಪಾಂಪೇಯಿ ಪದಗಳ ಕಾರ್ಡ್: ಬೀದಿ, ಮನೆ ಮುಗಿಯಿತು, ಈಗ ಬೇಕರಿ

ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಇಟಲಿಯ ಹಳೆಯ ರೋಮನ್ ಊರು ಪಾಂಪೇಯಿ ಬಗ್ಗೆ ಕನ್ನಡದಲ್ಲಿ ಮಾಡುತ್ತಿರುವ ಪದಗಳ ಕಾರ್ಡ್ ಸೆಟ್ ಈ ಸಲ ಚೆನ್ನಾಗಿಯೇ ಮುಂದೆ ಹೋಗಿದೆ. ಒಂದು ಕಡೆ ಪದ ಮತ್ತು ಪೆನ್ಸಿಲ್ ಚಿತ್ರ, ಹಿಂದೆ ಎರಡು ಮೂರು ಸಾಲು ವಿವರಣೆ. ನಿಯಮ ಒಂದೇ. ಪದ ಹೇಳುವ ವಸ್ತು ಆ ಊರಿನಲ್ಲಿ ಎಲ್ಲಿ ಸಿಕ್ಕಿತು ಅನ್ನುವ ವಿಳಾಸ ಕಾರ್ಡಿನ ಮೂಲೆಯಲ್ಲಿ ಇರಲೇಬೇಕು.

ಇದು ಸಾಧ್ಯವಾಗಿರುವುದು ಜುಸೆಪ್ಪೆ ಫಿಯೊರೆಲ್ಲಿಯಿಂದ. 1863ರಲ್ಲಿ ಉತ್ಖನನದ ಹೊಣೆ ಹೊತ್ತ ಈ ಮನುಷ್ಯ ಊರನ್ನು 9 ವಲಯ ಮಾಡಿ, ವಲಯದೊಳಗಿನ ಬ್ಲಾಕ್‌ಗಳಿಗೂ ಬ್ಲಾಕಿನ ಒಂದೊಂದು ಬಾಗಿಲಿಗೂ ನಂಬರ್ ಕೊಡುವ ಪದ್ಧತಿ ತಂದ, ಅದೇ ಇವತ್ತಿಗೂ ನಡೆಯುತ್ತಿದೆ. ಬ್ಲಾಕಿಗೆ ಇನ್ಸುಲಾ ಅನ್ನುತ್ತಾರೆ. 6-12-2 ಅಂದರೆ ಆರನೇ ವಲಯ, ಹನ್ನೆರಡನೇ ಇನ್ಸುಲಾ, ಎರಡನೇ ಬಾಗಿಲು. ಅಲೆಕ್ಸಾಂಡರನ ಯುದ್ಧದ ದೊಡ್ಡ ಮೊಸಾಯಿಕ್ ಸಿಕ್ಕ ಮನೆ ಅದು.

ಬೀದಿಯ ಕಾರ್ಡ್‌ಗಳು ಬೇಗ ಮುಗಿದವು: ದಾಟುಗಲ್ಲು, ಗಾಡಿ ಚಕ್ರದ ಗೀರು, ಮೂಲೆಯ ನೀರಿನ ತೊಟ್ಟಿ.

ಮನೆಯ ಪದಗಳಿಗೆ ಜಾಸ್ತಿ ಸಮಯ ಹಿಡಿಯಿತು. ಏಟ್ರಿಯಂ ಅಂದರೆ ಮನೆಯ ನಡುವಿನ ಹಜಾರ. ಅದರ ಸೂರಿನಲ್ಲಿ ಬಿಟ್ಟ ಕಿಂಡಿ ಕಂಪ್ಲೂವಿಯಂ, ಅದರ ಕೆಳಗೆ ಮಳೆನೀರು ಬೀಳುವ ತಗ್ಗಿನ ತೊಟ್ಟಿ ಇಂಪ್ಲೂವಿಯಂ. ನಮ್ಮ ತೊಟ್ಟಿ ಮನೆ ನೋಡಿದವರಿಗೆ ಇಷ್ಟು ಹೇಳಿದರೆ ಸಾಕು, ಆದರೆ ಪಾಂಪೇಯಿಯಲ್ಲಿ ಆ ನೀರು ನೆಲದಡಿಯ ಟ್ಯಾಂಕಿಗೆ ಇಳಿದು ಸಂಗ್ರಹವಾಗುತ್ತಿತ್ತು, ಅದಕ್ಕೇ ಚಿತ್ರದಲ್ಲಿ ನೆಲವನ್ನು ಕೊಯ್ದು ತೋರಿಸಿದ್ದೇನೆ. ಇದರ ಪಕ್ಕದಲ್ಲೇ ಇಟ್ಟಿರುವುದು ಫುಲ್ಲೋನಿಕಾ, ಬಟ್ಟೆ ಒಗೆಯುವ ಅಂಗಡಿ. ವಿಳಾಸ 1-6-7, ಸ್ಟೆಫಾನಸ್ ಅನ್ನುವವನ ಹೆಸರಿನಲ್ಲಿ ಗುರುತಿಸುತ್ತಾರೆ. ಇಲ್ಲಿ ಏಟ್ರಿಯಂನ ಇಂಪ್ಲೂವಿಯಂಗೇ ಸುತ್ತ ಕಟ್ಟೆ ಕಟ್ಟಿ ಒಗೆಯುವ ತೊಟ್ಟಿ ಮಾಡಿಕೊಂಡಿದ್ದರು. ಮನೆಯೊಂದು ಹೇಗೆ ಅಂಗಡಿಯಾಯಿತು ಅನ್ನುವುದು ಈ ಎರಡು ಕಾರ್ಡ್ ಪಕ್ಕಪಕ್ಕ ಇಟ್ಟರೆ ತಾನಾಗಿ ಕಾಣುತ್ತದೆ, ನನಗೆ ಇಡೀ ಸೆಟ್‌ನಲ್ಲಿ ತುಂಬ ಇಷ್ಟವಾದ ಜೋಡಿ ಇದೇ.

ಈಗ ಕೈಯಲ್ಲಿರುವುದು ಬೇಕರಿ, ಪಿಸ್ಟ್ರೀನಂ. ಹಿಟ್ಟು ಬೀಸುವುದೂ ರೊಟ್ಟಿ ಸುಡುವುದೂ ಒಂದೇ ಜಾಗದಲ್ಲಿ ನಡೆಯುತ್ತಿತ್ತು. ಬೀಸುವ ಕಲ್ಲು ಲಾವಾ ಶಿಲೆಯದು. ಕೆಳಗೆ ಗಟ್ಟಿಯಾಗಿ ಕೂತ ಶಂಕುವಿನಾಕಾರದ ಕಲ್ಲು ಮೇಟಾ. ಅದರ ಮೇಲೆ ತಿರುಗುವ, ನಡು ಸಣ್ಣ ಮಾಡಿ ಮೇಲೆ ಕೆಳಗೆ ಅಗಲ ಬಿಟ್ಟ ಟೊಳ್ಳು ಕಲ್ಲು ಕಟಿಲ್ಲಸ್. ಕಾಳು ಮೇಲಿಂದ ಸುರಿದರೆ ಎರಡು ಕಲ್ಲಿನ ನಡುವೆ ನುರಿದು, ಹಿಟ್ಟು ಬುಡದ ಸುತ್ತಲಿನ ಕಟ್ಟೆಗೆ ಬೀಳುತ್ತದೆ. ಕತ್ತೆ ಕಟ್ಟಿ ತಿರುಗಿಸುತ್ತಿದ್ದರು. ಕತ್ತೆ ಕಟ್ಟುವ ಮರದ ಚೌಕಟ್ಟು ಈಗ ಇಲ್ಲ, ಕಲ್ಲಿನ ನಡುವಿನಲ್ಲಿ ಅದನ್ನು ಸಿಕ್ಕಿಸುತ್ತಿದ್ದ ಚೌಕ ತೂತುಗಳು ಮಾತ್ರ ಉಳಿದಿವೆ. ಹಾಗಾಗಿ ಕಲ್ಲನ್ನು ಗಟ್ಟಿ ಗೆರೆಯಲ್ಲಿ, ಮರವನ್ನು ಚುಕ್ಕಿ ಗೆರೆಯಲ್ಲಿ ಬರೆಯುತ್ತಿದ್ದೇನೆ. ಉಳಿದದ್ದು ಯಾವುದು, ಊಹಿಸಿದ್ದು ಯಾವುದು ಅಂತ ನೋಡುವವರಿಗೆ ಗೊತ್ತಾಗಬೇಕು ಅಲ್ವಾ? ರೊಟ್ಟಿಯ ಕಾರ್ಡಿನ ವಿಳಾಸ 7-1-36. ಅಲ್ಲಿನ ಬೇಕರಿಯ ಒಲೆಯೊಳಗೆ 81 ರೊಟ್ಟಿಗಳು ಕರಿಕಲಾಗಿ ಸಿಕ್ಕಿದವು. ದುಂಡಗಿನ ರೊಟ್ಟಿ, ಮೇಲೆ ಎಂಟು ಪಾಲು ಮಾಡಿದ ಗುರುತು.

ಜ್ವಾಲಾಮುಖಿಯ ಪದಗಳನ್ನು ಬೇಕಂತಲೇ ಕೊನೆಗೆ ಇಟ್ಟಿದ್ದೇನೆ. ಅಲ್ಲಿನವರು ಏನು ಮಾಡಿಕೊಂಡು ಬದುಕಿದ್ದರು ಅಂತ ತಿಳಿಯದೆ ಅವರು ಸತ್ತ ಬಗೆಯನ್ನು ಮಾತ್ರ ಕಲಿಯುವುದು ನನಗೆ ಸರಿ ಅನ್ನಿಸುವುದಿಲ್ಲ. ವೆಸೂವಿಯಸ್ ಕಾರ್ಡಿನಲ್ಲಿ ಕ್ರಿ.ಶ. 79 ಅಂತ ಇಸವಿ ಮಾತ್ರ ಬರೆಯುತ್ತೇನೆ. ಬಹಳ ಕಾಲ ಆಗಸ್ಟ್ 24 ಅಂತ ನಂಬಿದ್ದರು, ಆದರೆ 2018ರಲ್ಲಿ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಚಿದ, ಅಕ್ಟೋಬರ್ 17ಕ್ಕೆ ಸರಿಹೊಂದುವ ತಾರೀಕೊಂದು ಸಿಕ್ಕಿದ ಮೇಲೆ ಆ ನಂಬಿಕೆ ಸಡಿಲವಾಗಿದೆ. ಲ್ಯಾಪಿಲ್ಲಿ, ಅಂದರೆ ಮೊದಲು ಸುರಿದ ಹಗುರ ಸಣ್ಣ ಕಲ್ಲುಗಳಿಗೆ, ಒಂದು ಕಾರ್ಡ್. ಆಮೇಲೆ ನುಗ್ಗಿ ಬಂದ ಬಿಸಿ ಬೂದಿ ಮತ್ತು ಅನಿಲದ ಪ್ರವಾಹಕ್ಕೆ ಇನ್ನೊಂದು. ಪ್ಲಾಸ್ಟರ್ ಅಚ್ಚಿನ ಕಾರ್ಡಿನಲ್ಲಿ ಸತ್ತವರ ಮುಖ ಬರೆಯುವುದಿಲ್ಲ. ಗಟ್ಟಿಯಾದ ಬೂದಿಯಲ್ಲಿ ದೇಹ ಕೊಳೆತು ಉಳಿದ ಪೊಳ್ಳು, ಅದಕ್ಕೆ ಫಿಯೊರೆಲ್ಲಿ ಪ್ಲಾಸ್ಟರ್ ಸುರಿಸಿದ ರೀತಿ, ಅಷ್ಟು ಸಾಕು.

ಬೇಕರಿ ಆದ ಮೇಲೆ ಥರ್ಮೊಪೋಲಿಯಂ, ಬೀದಿ ಬದಿಯ ಊಟದಂಗಡಿ. ಐದನೇ ವಲಯದಲ್ಲಿ 2020ರಲ್ಲಿ ಪೂರ್ತಿ ಅಗೆದು ತೆಗೆದದ್ದನ್ನೇ ಬರೆಯುತ್ತೇನೆ. ಕಟ್ಟೆಯೊಳಗೆ ಹುಗಿದ ಮಡಕೆಗಳು, ಮುಂದೆ ಬಣ್ಣದಲ್ಲಿ ಬಾತುಕೋಳಿ, ಹುಂಜ, ನಾಯಿ. ಅದಕ್ಕೆ ಪೆನ್ಸಿಲ್ ಸಾಲದು, ಬಣ್ಣ ತರಬೇಕು.