ಒಂದೇ ಒಂದು ಒತ್ತು

ಇವತ್ತು ಗೆಳತಿಯೊಬ್ಬಳು ತಾನೇ ಮಾಡಿದ ಝೀನ್ (ಮನೆಯಲ್ಲೇ ಮಾಡೋ ಪುಟಾಣಿ ಪತ್ರಿಕೆ) ಕೈಗಿಟ್ಟಳು. ಒಂದೇ ಎ4 ಹಾಳೆ, ನಡುವೆ ಒಂದು ಕತ್ತರಿ ಗೀರು, ಮಡಚಿದರೆ 8 ಪುಟ. ಸ್ಟೇಪಲ್ಲೂ ಇಲ್ಲ!

ನಾನು ಮುಖಪುಟದಲ್ಲೇ ನಿಂತುಬಿಟ್ಟೆ. ಸೀಸದ ಅಕ್ಷರದಚ್ಚು, ಅಂದ್ರೆ ಅಚ್ಚುಮೊಳೆ, ಜೋಡಿಸಿ ಅಚ್ಚು ಹಾಕಿದ 'ಅಮ್ಮ'. ಮ-ಒತ್ತಿನ ಹತ್ರ ಕಾಗದ ಚೂರು ತಗ್ಗಾಗಿದೆ. ಕಣ್ಣು ಮುಚ್ಚಿ ಸವರಿದರೂ ಗೊತ್ತಾಗತ್ತೆ.

ತಮಾಷೆ ಅಂದ್ರೆ, ಹಳೇ ಅಚ್ಚುಕೂಟದವರ ಕಣ್ಣಿಗೆ ಇದು ತಪ್ಪು. ಮೊಳೆ ಕಾಗದವನ್ನ ಮುಟ್ಟಿಯೂ ಮುಟ್ಟದಂತಿರಬೇಕು. ಜೋರಾಗಿ ಒತ್ತಿದರೆ ಸೀಸ ಸವೆಯತ್ತೆ, ಹಿಂಬದಿ ಪುಟವೂ ಹಾಳು. ಈಗ ಆ ತಗ್ಗಿಗೇ ನಾವು ದುಡ್ಡು ಕೊಡೋದು.

ಒತ್ತಕ್ಷರಕ್ಕೆ ಬೇರೆಯದೇ ಮೊಳೆ. ಮ-ಒತ್ತು ಅವಳ ಹತ್ರ ಒಂದೇ ಒಂದು ಉಳಿದಿತ್ತಂತೆ.

ಹಾಗಾಗಿ ಒಳಗೆಲ್ಲೂ ಅಮ್ಮ ಇಲ್ಲ. ಬರೀ 'ತಾಯಿ'.